ಖಲಾಸ್ ಅಂದರೆ ಯಾವ ಖಲಾಸ್?

ಪಾರ್ಶ್ವವಾಯು ಬಡಿದ ಮೇಲೆ ನನ್ನ ಗಂಡನ ಬಾಯಲ್ಲಿ ಸಲೀಸಾಗಿ ಉಳಿದ ಮಾತು ಒಂದೇ: ಖಲಾಸ್. ಉಡುಪಿ ಕಡೆಯ ತುಳು, ಪೇಪರ್ ಓದುವ ಕನ್ನಡ, ಕೆಲಸದ ಹಿಂದಿ ಎಲ್ಲವೂ ನಾಲಿಗೆಯ ತುದಿಗೆ ಬಂದು ಹಿಂದೆ ಹೋಗುತ್ತಿದ್ದವು. ಈ ಅರಬಿ ಶಬ್ದ ಮಾತ್ರ ಗಟ್ಟಿಯಾಗಿ ಕೂತಿತ್ತು. ದುಬೈ ಇನ್ವೆಸ್ಟ್‌ಮೆಂಟ್ಸ್ ಪಾರ್ಕಿನ ಒಂದು ಗೋದಾಮಿನಲ್ಲಿ ಸ್ಟೋರ್‌ಕೀಪರ್ ಆಗಿ ವರ್ಷಗಟ್ಟಲೆ ಅದನ್ನು ಕೂಗಿದವರಲ್ಲವೇ. ಲಾರಿಗೆ ಸಾಮಾನು ತುಂಬಿ ಮುಗಿದರೂ ಖಲಾಸ್, ಕಪಾಟಿನಲ್ಲಿ ಸಾಮಾನು ತೀರಿಹೋದರೂ ಖಲಾಸ್.

ಈಗ ಊಟ ಸಾಕು ಎನ್ನುವುದಕ್ಕೂ ಅದೇ, ಸ್ನಾನ ಆಯಿತು ಎನ್ನುವುದಕ್ಕೂ ಅದೇ, ನಿನ್ನ ಉಪದೇಶ ನಿಲ್ಲಿಸು ಎನ್ನುವುದಕ್ಕೂ ಅದೇ. ನಾನು ಶಾಲೆಯಲ್ಲಿ ಹಿಂದಿ ಟೀಚರ್. ದಿನವಿಡೀ ಮಕ್ಕಳ ಲಿಂಗ, ವಚನ ತಿದ್ದಿ ಅಲ್ ನಹ್ದಾದ ಫ್ಲ್ಯಾಟಿಗೆ ಬಂದರೆ ಒಂದೇ ಶಬ್ದದ ಸಂಸಾರ. ನಗು ಬರುತ್ತಿತ್ತು, ನಕ್ಕಾದ ಮೇಲೆ ಅಳುವೂ ಬರುತ್ತಿತ್ತು.

ಡಾಕ್ಟರು ಧಾರವಾಡ ಕಡೆಯವರು. ಮೊದಲ ದಿನವೇ ನನ್ನನ್ನು ಹೊರಗೆ ಕರೆದು ಹೇಳಿದ್ದರು: "ಇನ್ನೊಮ್ಮೆ ಬಂತಂದ್ರ ಈಗ ಉಳದದ್ದೂ ಉಳಿಯಂಗಿಲ್ರೀ ಅಕ್ಕಾರ. ಬಿಪಿ ಏರಾಕ ಬಿಡಬ್ಯಾಡ್ರಿ." ಆ ಮಾತು ನನ್ನ ಎದೆಯಿಂದ ಇಳಿಯಲೇ ಇಲ್ಲ.

ಬಿಪಿಯ ಮೇಲೆ ಕಣ್ಣಿಡಲು ಕ್ಲಿನಿಕ್ಕಿನವರು ಮೊಬೈಲಿನಲ್ಲೇ ನಾವಿಬ್ಬರೂ ಇರುವ ಒಂದು ಗ್ರೂಪ್ ಮಾಡಿಕೊಟ್ಟರು. ಬೆಳಿಗ್ಗೆ ಶಾಲೆಗೆ ಹೊರಡುವ ಮುಂಚೆ ನಾನು ಗಂಡನ ಎಡತೋಳಿಗೆ ಪಟ್ಟಿ ಕಟ್ಟಿ, ಯಂತ್ರ ತೋರಿಸಿದ ಅಂಕಿಯ ಫೋಟೊ ಕಳಿಸುತ್ತಿದ್ದೆ. ತಿಂಡಿಯಾದ ಮೇಲೆ ಮಾತ್ರೆ ನುಂಗಿ ವಾಯ್ಸ್ ಮೆಸೇಜ್ ಹಾಕುವುದು ಅವರ ಪಾಲಿನ ಕೆಲಸ. ಆ ಕಡೆಯಿಂದ ಕಣ್ಣೂರಿನ ಒಬ್ಬ ನರ್ಸ್ ಕೇಳಿಸಿಕೊಂಡು ಹೆಬ್ಬೆರಳಿನ ಚಿತ್ರ ಕಳಿಸುತ್ತಿದ್ದಳು. ಮಾತ್ರೆಯ ಡ್ರಾಯರಿಗೆ ನಾನು ಕೈಹಾಕುವ ಹಾಗಿರಲಿಲ್ಲ. ಅದು ಅವರ ಸ್ಟೋರ್. ಅಷ್ಟಾದರೂ ಅವರ ಅಧಿಕಾರದಲ್ಲಿ ಇರಲಿ ಎಂದು ನಾನೂ ಬಿಟ್ಟಿದ್ದೆ.

ಮೆಸೇಜಿನಲ್ಲಿ ದಿನವೂ ಒಂದೇ ಮಾತು, ಖಲಾಸ್. ನಮಗೆಲ್ಲ ಸಮಾಧಾನ.

ಆಮೇಲೆ ಒಂದು ವಾರ ಅಂಕಿ ಏರತೊಡಗಿತು. ಮನೆಯಲ್ಲಿ ಉಪ್ಪು ಜಾಸ್ತಿಯಾಗಿದೆಯೇ ಎಂದು ನರ್ಸ್ ಕೇಳಿದಳು. ನಾನು ಒಣಮೀನಿನ ಚಟ್ನಿ ನಿಲ್ಲಿಸಿದೆ, ಮಾವಿನಮಿಡಿಯ ಭರಣಿಯನ್ನು ಅಟ್ಟದ ಮೇಲಿಟ್ಟೆ, ಕದ್ದು ತಿನ್ನುತ್ತೀರಾ ಎಂದು ಬೈದೆ ಕೂಡ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ. ಅವರು ಕೈ ಬೀಸಿ ಖಲಾಸ್, ಖಲಾಸ್ ಎಂದರು. ಬೈದದ್ದು ಸಾಕು ಎನ್ನುತ್ತಿದ್ದಾರೆ ಎಂದುಕೊಂಡೆ.

ಮಾರನೆಯ ಮಧ್ಯಾಹ್ನ ನಾನು ಚಪ್ಪಲಿ ಬಿಡುವುದರೊಳಗೆ ನನ್ನ ಕೈ ಹಿಡಿದು ಡ್ರಾಯರಿನ ಹತ್ತಿರ ಎಳೆದುಕೊಂಡು ಹೋದರು. ಒಳಗೆ ರಬ್ಬರ್ ಬ್ಯಾಂಡ್ ಹಾಕಿ ಜೋಡಿಸಿಟ್ಟ ಬಿಪಿ ಮಾತ್ರೆಯ ಪಟ್ಟಿಗಳು. ಎಲ್ಲವೂ ಖಾಲಿ. ಎಡ ಅಂಗೈಯನ್ನು ಲುಂಗಿಗೆ ಒರೆಸಿ, ನನ್ನ ಮುಖ ನೋಡಿ ಹೇಳಿದರು: "ಖಲಾಸ್."

ಆಗ ತಿಳಿಯಿತು. ಈ ಒಂದು ವಾರ, ಮಾತ್ರೆ ನುಂಗಿ ಆಯಿತು ಎಂದು ನಾವು ಕೇಳಿಸಿಕೊಂಡದ್ದನ್ನು ಅವರು ಮಾತ್ರೆ ತೀರಿಹೋಯಿತು ಎಂದು ಹೇಳುತ್ತಿದ್ದರು. ಸ್ಟಾಕ್ ಮುಗಿದಿದೆ ಎಂದು ಸ್ಟೋರ್‌ಕೀಪರ್ ದಿನವೂ ಸರಿಯಾದ ಜಾಗಕ್ಕೆ ವರದಿ ಕೊಟ್ಟಿದ್ದಾರೆ. ಅಲ್ಲಿಂದ ಹೆಬ್ಬೆರಳು ಬಂದಿದೆ. ಮಾಲು ಬರುತ್ತದೆ ಎಂದು ಕಾದಿದ್ದಾರೆ. ಯಾವ ಗಳಿಗೆಯಲ್ಲಿ ಬೇಕಾದರೂ ಎರಡನೆಯದು ಬಡಿಯಬಹುದಾಗಿತ್ತು, ನಾವು ಉಪ್ಪಿನಕಾಯಿಯ ಹಿಂದೆ ಬಿದ್ದಿದ್ದೆವು. ಅಲ್ಲೇ ಮಂಚದ ಮೇಲೆ ಕೂತು ಅತ್ತೆ.

ಆಮೇಲೆ ನರ್ಸಿಗೆ ಫೋನ್ ಮಾಡಿದೆ. ಅವಳು ಡಾಕ್ಟರನ್ನು ಕೇಳಿ ಹೇಳಿದಳು, ಈಗಲೇ ಮಾತ್ರೆ ತರಿಸಿ, ತಪ್ಪಿದ್ದನ್ನೆಲ್ಲ ಒಟ್ಟಿಗೆ ಮಾತ್ರ ಕೊಡಬೇಡಿ. ಅಂಕಿ ಇಳಿದ ಮೇಲೆ ನಾನೂ ನರ್ಸೂ ಸೇರಿ ಖಲಾಸ್ ಶಬ್ದವನ್ನೇ ಬಹಿಷ್ಕರಿಸಿದೆವು. 'ಇದೆ' ಎನ್ನುವುದಕ್ಕೆ ನಿಮ್ಮ ಮನೆಮಾತಿನಲ್ಲಿ ಏನು ಎಂದು ಕೇಳಿದಳು. ಉಂಡು ಎಂದೆ. ಕನ್ನಡದ ಊಟ ಮಾಡುವ ಉಂಡು ಅಲ್ಲ, ತುಳುವಿನ ಉಂಡು. ಅವಳು ನಕ್ಕಳು. ಮಲಯಾಳದಲ್ಲೂ ಹೆಚ್ಚುಕಡಿಮೆ ಅದೇ ಅಂತೆ.

ಅಂದಿನಿಂದ ಡ್ರಾಯರಿನಲ್ಲಿ ಮಾತ್ರೆ ಇದ್ದರೆ ಉಂಡು, ಇಲ್ಲದಿದ್ದರೆ ಇಜ್ಜಿ. ನುಂಗುವಾಗ ಮಾತ್ರೆಯನ್ನು ಅಂಗೈಯಲ್ಲಿಟ್ಟು ಒಂದು ಫೋಟೊ. ಎರಡು ಶಬ್ದ ಕಲಿಸಲು ನಾನು ಪಟ್ಟ ಪಾಡನ್ನು ಒಂದನೇ ಕ್ಲಾಸಿನ ಮಕ್ಕಳೂ ಕೊಟ್ಟಿಲ್ಲ. ಆದರೂ ಬಂತು. ಮೊದಲ ಸಲ ಉಂಡು ಎಂದಾಗ ಅವರ ಬಾಯಿಂದ ಬಂದ ಊರಿನ ಮಾತು ಕೇಳಿ ನನಗೆ ಊರೇ ಮನೆಗೆ ಬಂದಷ್ಟು ಸಂತೋಷವಾಯಿತು.

ಮೊನ್ನೆ ಬೆಳಿಗ್ಗೆ ಶಾಲೆಯ ಬಿಡುವಿನಲ್ಲಿ ಬ್ಯಾಗಿನಿಂದ ಫೋನ್ ತೆಗೆದು ನೋಡಿದೆ. ಫೋಟೊ ಇಲ್ಲ, ಉಂಡುವೂ ಇಲ್ಲ, ಇಜ್ಜಿಯೂ ಇಲ್ಲ. ಫೋನ್ ಮಾಡಿದೆ, ಎತ್ತಲಿಲ್ಲ. ಮತ್ತೆ ಮಾಡಿದೆ. ಧಾರವಾಡದ ಡಾಕ್ಟರ ಮಾತು ಕಿವಿಯಲ್ಲಿ ಮೊಳಗತೊಡಗಿತು. ಸ್ಟಾಫ್ ರೂಮಿನಲ್ಲಿ ಯಾರೋ ಚಹಾ ಕೊಟ್ಟರು, ಮೇಜಿನ ಮೇಲಿಟ್ಟು ಇನ್ನೊಂದು ಸಲ ಫೋನ್ ಮಾಡಿದೆ. ಬಿಲ್ಡಿಂಗಿನ ವಾಚ್‌ಮ್ಯಾನಿಗೆ ಫೋನ್ ಮಾಡಬೇಕು ಎನ್ನುವಷ್ಟರಲ್ಲಿ ಒಂದು ವಾಯ್ಸ್ ಮೆಸೇಜ್ ಬಂತು. ಹಿಂದೆ ಬಚ್ಚಲಿನ ನಲ್ಲಿ ಹರಿಯುವ ಸದ್ದು. ಆಮೇಲೆ ಅವರ ಉಸಿರು. ಆಮೇಲೆ ಮಾತು.

"ಯಾನ್... ಯಾನ್ ಉಂಡು."

ಯಾನ್ ಎಂದರೆ ನಾನು. ತುಳುವಿನಲ್ಲಿ ತನ್ನ ಬಗ್ಗೆ ಹೇಳುವವರು ಉಂಡು ಎನ್ನುವುದಿಲ್ಲ. ಅದು ವಸ್ತುವಿಗೆ, ಮಾತ್ರೆಗೆ, ಡ್ರಾಯರಿನ ಸಾಮಾನಿಗೆ. ಮನುಷ್ಯ ಯಾನ್ ಉಳ್ಳೆ ಎನ್ನಬೇಕು. ಜನ್ಮವಿಡೀ ಬೇರೆಯವರ ವ್ಯಾಕರಣ ತಿದ್ದಿಕೊಂಡು ಬಂದವಳು ನಾನು, ಇದನ್ನು ತಿದ್ದಲಿಲ್ಲ. ಕ್ಲಾಸಿನ ಬೆಲ್ ಹೊಡೆದಿತ್ತು. ಇನ್ನೊಂದು ಸಲ ಕೇಳಿಸಿಕೊಂಡು ಎದ್ದೆ.