ಬೆಂಕಿಗೆ ದಪ್ಪ ಕಾಳು

ಮಾಸ್ತರರ ಪಾಠ ಸುತ್ತಿಗೆಯಿಂದ ಶುರುವಾಗುತ್ತಿತ್ತು. ಸಲಾಕೆಗೆ ಗರಗಸದಿಂದ ಗೀರು ಹಾಕಿ, ವೈಸಿನ ಇಕ್ಕಳಕ್ಕೆ ಬಿಗಿದು, ಬಾರಿಸಿ ಮುರಿಯುತ್ತಿದ್ದರು. ಮುರಿದ ಬಾಯಿಯನ್ನು ನಮ್ಮ ಮುಖಕ್ಕೇ ತಿವಿದು, “ಕಾಳು ಕಾಣಾಕತ್ತಾವೇನಲೇ? ಕಬ್ಬಿಣಂದ್ರ ಒಂದ ಗಡ್ಡಿ ಅಲ್ಲ, ಕಾಳಿಗೆ ಕಾಳು ಅಂಟಿಕೊಂಡದ್ದು” ಎನ್ನುವರು. ಕಾಣಲಿಲ್ಲ ಎಂದವನ ಕಪಾಳಕ್ಕೆ ಬೀಳುತ್ತಿತ್ತು. ಸುರಪುರದ ಐಟಿಐಯಲ್ಲಿ ನನ್ನ ಕೆನ್ನೆ ಉರಿಯದ ದಿನವಿಲ್ಲ. ಸಿಟ್ಟು ಅವರ ಮೂಗಿನ ತುದಿಯಲ್ಲೇ ಇರುತ್ತಿತ್ತು. ಆದರೂ ಅವರೆಂದರೆ ನನಗೆ ಪ್ರಾಣ.

ಕಾಲುವೆ ನೀರು ಬಂದು ಶಹಾಪುರದ ಸುತ್ತ ಭತ್ತ ತುಂಬಿದಾಗ ನಾನು ಅಲ್ಲಿನ ಒಂದು ರೈಸ್ ಮಿಲ್ಲಿಗೆ ಫಿಟ್ಟರ್ ಆದೆ. ಭತ್ತ ಬೇಯಿಸುವ ದೊಡ್ಡ ಹಂಡೆ ಒಲೆಯ ಮೇಲೆ, ಉರಿ ತಾಗುವ ಕಬ್ಬಿಣದ ಸಲಾಕೆಗಳಿಂದ ತೂಗುತ್ತಿತ್ತು. ಸಾಹುಕಾರ ಹೊಸ ಸಲಾಕೆ ಹಾಕಿಸಿದ ಮೇಲೆ ಹಂಡೆ ದಿನದಿನಕ್ಕೂ ಕೆಳಗಿಳಿಯತೊಡಗಿತು. ಅದರ ಬುಡದಲ್ಲೇ ಕೂಲಿಯ ಸಾಬಮ್ಮ ಮತ್ತು ಆಕೆಯ ಜೊತೆಯ ಹೆಂಗಸರು ಒಲೆಗೆ ಹೊಟ್ಟು ತುಂಬುತ್ತಿದ್ದರು. ನಾನು ಸುರಪುರಕ್ಕೆ ಹೋಗಿ ಮಾಸ್ತರರನ್ನು ಕರೆತಂದೆ.

ಉಳಿದಿದ್ದ ಸಲಾಕೆಯ ತುಂಡೊಂದನ್ನು ಮುರಿದು ನೋಡಿದವರೇ ಕೂಗಿದರು: “ಒಲಿ ಆರಿಸ್ರಿ! ಕಾಳು ಭಾಳ ಸಣ್ಣ ಅದಾವ!”

ಸಾಹುಕಾರ ನಕ್ಕ. ಅಕ್ಕಿ ಮಾರುವವನಿಗೆ ಸಣ್ಣ ಕಾಳೆಂದರೆ ಮೇಲುಮಾಲು.

“ಸಣ್ಣ ಕಾಳಂದ್ರ ಛಲೋನ ಅಲ್ರಿ ಮಾಸ್ತರ?”

“ಬಾಯಿಗೆ ಸಣ್ಣ ಕಾಳು, ಬೆಂಕಿಗೆ ದಪ್ಪ ಕಾಳು! ಕಾಳು ಸಣ್ಣ ಆದಷ್ಟು ಸಂದಿ ಜಾಸ್ತಿ. ಭಾರ ಹೊತ್ತು ಕೆಂಪಗ ಕಾದ್ರ ಆ ಸಂದಿಯೆಲ್ಲಾ ಜಾರ್ತಾವ, ಸಲಾಕಿ ಸಪ್ಪಳಿಲ್ದ ಉದ್ದಾಗಿ ಹರೀತದ! ಹೆಣ್ಮಕ್ಕಳು ಬೆಂದು ಸಾಯ್ತಾರಲೇ!”

“ನಿನ್ನ ಸಾಲಿ ನಿನ್ನ ಊರಾಗ ಇಟ್ಕೋ. ಒಲಿ ಆರಂಗಿಲ್ಲ.”

ಮಾಸ್ತರರ ಸುತ್ತಿಗೆ ಸಾಹುಕಾರನ ಭುಜಕ್ಕೆ ಬಿತ್ತು. ಅವನ ಆಳುಗಳು ಅವರನ್ನು ಅಂಗಳಕ್ಕೆ ಎಳೆದು ಬಡಿಗೆಯಿಂದ ಬಡಿದರು. ಅಡ್ಡ ಹೋದ ನನ್ನ ಕೈ ಮುರಿಯಿತು. ರಕ್ತ ತುಂಬಿದ ಬಾಯಲ್ಲೂ ಮಾಸ್ತರರ ಬೈಗುಳ ನಿಲ್ಲಲಿಲ್ಲ. ಗದ್ದಲ ಕೇಳಿ ಹೆಂಗಸರೆಲ್ಲ ಒಲೆ ಬಿಟ್ಟು ಹೊರಗೆ ಓಡಿಬಂದರು. ಸಾಬಮ್ಮ ಒಬ್ಬನ ಬಡಿಗೆ ಕಿತ್ತುಕೊಂಡು, “ಮನಷ್ಯಾನ್ನ ಕೊಲ್ತೀರೇನಲೇ, ಬಾಡ್ಯಾಗಳ್ರಾ!” ಎಂದು ಅವನಿಗೇ ಬಾರಿಸಿದಳು.

ಆಗ ಒಳಗೆ ಸಲಾಕೆ ಹರಿಯಿತು. ಹಂಡೆ ಒಲೆಗೆ ಬಿದ್ದು ಕುದಿನೀರು, ಕೆಂಡ ಗೋಡೆಯವರೆಗೂ ಸಿಡಿದವು. ಅಲ್ಲಿ ಒಬ್ಬರೂ ಇರಲಿಲ್ಲ.

ಯಾದಗಿರಿ ದವಾಖಾನೆಗೆ ಜೀಪಿನಲ್ಲಿ ಒಯ್ಯುವಾಗ ಮಾಸ್ತರರ ತಲೆ ನನ್ನ ತೊಡೆಯ ಮೇಲಿತ್ತು. ಭೀಮಾ ನದಿಯ ಸೇತುವೆ ಬರುವ ಮೊದಲೇ ಅವರ ಬೈಗುಳ ನಿಂತಿತು. ಮೂಗಿನ ಹತ್ತಿರ ಕೈ ಹಿಡಿದು ನೋಡಿದೆ; ಉಸಿರಿರಲಿಲ್ಲ.

ಎದುರಿಗೆ ಕುಳಿತಿದ್ದ ಸಾಬಮ್ಮ ಸೆರಗಿನಿಂದ ಅವರ ಬಾಯಿ ಒರೆಸಿದಳು.

“ಇವ್ರ ಹೆಸರೇನ್ರಿ?”

ಯಾಕೆ ಎಂದು ಕೇಳಿದೆ.

“ಸತ್ತವ್ರನ್ನ ಹಾಡ್ಯಾಡಿ ಅಳಾಕ ಹೆಸರು ಬೇಕಲ್ರಿ.”

“ಬಸಲಿಂಗಪ್ಪ” ಎಂದೆ.