ಮುತ್ಯಾಲಮ್ಮನ ಮೀಸೆ

ರಾಯಲ್ಪಾಡಿನ ಸುತ್ತಿನ ಮಾವಿನ ತೋಪುಗಳಲ್ಲಿ ಔಷಧಿ ಹೊಡೆಯುವಾಗ ಪೈಪು ಹಿಡಿಯುವುದು ಗಂಡಸರ ಕೆಲಸ, ಡ್ರಮ್ಮಿನಲ್ಲಿ ಪುಡಿ ಕಲಸುವುದು ಹೆಂಗಸರ ಕೆಲಸ. ಪೈಪು ಹಿಡಿದವನ ಮೂಗಿಗೆ ಟವಲ್ಲಾದರೂ ಇರುತ್ತಿತ್ತು. ಮುತ್ಯಾಲಮ್ಮ ಹನ್ನೆರಡು ವರ್ಷ, ಮಾವು ಹೂ ಬಿಟ್ಟಾಗಲೆಲ್ಲ, ಮೊಣಕೈವರೆಗೆ ಕೈಯಿಳಿಸಿ ಆ ಪುಡಿ ಕಲಸಿದಳು. ಅದೇ ಕೈಯಲ್ಲಿ ಮುದ್ದೆ ಮುರಿದಳು.

೧೯೮೧ರ ಬೇಸಿಗೆಯಲ್ಲಿ ಅವಳ ವಸಡಿನ ರಕ್ತ ನಿಲ್ಲದಾಯಿತು. ಮೈತುಂಬ ನೀಲಿ ಕಲೆ. ಗಂಡ ಸೊಣ್ಣಪ್ಪ ಹೊಡೆದಿರಬೇಕು ಅಂದುಕೊಂಡೆವು, ಹೊಡೆಯುವವನೂ ಹೌದು. ಕೂಲಿಕಾರರ ಸಂಘದ ಕಡೆಯಿಂದ ನಾನು ಇಬ್ಬರನ್ನೂ ಬೆಂಗಳೂರಿನ ಆಸ್ಪತ್ರೆಯೊಂದಕ್ಕೆ ಕರೆದುಕೊಂಡು ಹೋದೆ. ಸೊಂಟದ ಮೂಳೆಗೆ ಸೂಜಿ ಚುಚ್ಚಿ ಮಜ್ಜೆ ತೆಗೆದು ನೋಡಿದರು.

ಡಾಕ್ಟರಮ್ಮ ಬಿಡಿಸಿ ಹೇಳಿದರು. ರಕ್ತ ಹುಟ್ಟುವುದು ಮೂಳೆಯೊಳಗೆ. ರಕ್ತಕ್ಕೆಲ್ಲ ತಾಯಿಯಾದ ಕಣಗಳು ಅಲ್ಲಿರುತ್ತವೆ. ಈಕೆಯಲ್ಲಿ ಅವು ಸತ್ತು ಅಲ್ಲೊಂದು ಇಲ್ಲೊಂದು ಉಳಿದಿವೆ. ಗಂಡಸರ ಹಾರ್ಮೋನಿನ ಮಾತ್ರೆ ದಿನಕ್ಕೆ ಮೂರು ಕೊಟ್ಟರೆ ಉಳಿದವು ಚೇತರಿಸಿಕೊಂಡು ಬೆಳೆಯಬಹುದು. ಎಲ್ಲರಿಗೂ ಆಗುವುದಿಲ್ಲ. ಮೀಸೆ ಬರುತ್ತದೆ, ದನಿ ಒಡೆಯುತ್ತದೆ, ಹೆದರಿ ಬಿಡಬಾರದು.

"ತೋಪಿನ ವಿಷದಿಂದಲೇ ಆಯ್ತು ಅಂತ ಬರ್ಕೊಡಿ" ಎಂದೆ.

"ಇರಬಹುದು. ರುಜುವಾತು ಮಾಡೋಕಾಗಲ್ಲ."

ಆ ಕಾಗದ ಸಿಗದೆ ನನಗೆ ತಲೆ ಕೆಟ್ಟಿತ್ತು. ಹಾರ್ಮೋನು ಅಂದರೇನಣ್ಣಾ ಎಂದು ಸೊಣ್ಣಪ್ಪ ಬಸ್ಸಿನಲ್ಲಿ ಕೇಳಿದಾಗ, "ಗಂಡಸಿನ ಸತ್ವ ಕಣಯ್ಯಾ" ಎಂದುಬಿಟ್ಟೆ.

ಮೂರು ತಿಂಗಳಿಗೆ ಮುತ್ಯಾಲಮ್ಮನಿಗೆ ಮೀಸೆ ಚಿಗುರಿತು. ಬಾವಿಕಟ್ಟೆಯಲ್ಲಿ ಹೆಂಗಸರು ಬಿಟ್ಟಾರೆಯೇ?

"ಏನ್ ಮುತ್ಯಾಲಪ್ಪನೋರೇ, ಗಂಡಸ್ರು ಇತ್ಲಾಗ್ ಬರಂಗಿಲ್ಲ."

"ಬಿಡೇ, ನಿನ್ ಗಂಡನ್ ಮೀಸೆಗಿಂತ ನಂದೇ ದಪ್ಪಾಗೈತೆ. ಕರ್ಕೊಂಬಾ, ಪಕ್ಕದಾಗೆ ನಿಲ್ಸಿ ನೋಡಾನ!"

ಹೀಗೆ ನಗಿಸಿ, ಮನೆಗೆ ಬಂದು ಕನ್ನಡಿಯನ್ನು ಗೋಡೆಗೆ ತಿರುಗಿಸಿಡುತ್ತಿದ್ದಳು ಎಂದು ಪಕ್ಕದ ಮನೆಯ ಕದಿರಮ್ಮ ಹೇಳಿದಳು. ಆದರೆ ವಸಡು ಒಣಗಿತ್ತು, ರಕ್ತ ಏರುತ್ತಿತ್ತು. "ಒಟ್ಲುಪಾತ್ಯಾಗೆ ಪೈರು ಮೊಳೀತಾ ಐತೆ ಕಣಣ್ಣಾ" ಎಂದು ನನ್ನ ಮುಂದೆ ಮೂಳೆ ತಟ್ಟಿಕೊಂಡಳು.

ತಿಂಗಳ ಮಾತ್ರೆ ತರಲು ಸೊಣ್ಣಪ್ಪನೊಬ್ಬನೇ ಹೋಗುತ್ತಿದ್ದ. ಡಬ್ಬಿ ಅವನ ಟ್ರಂಕಿನಲ್ಲಿ. ಒಂದು ಸಲ ಬಂದವನು, "ಡಾಕ್ಟರಮ್ಮ ಇನ್ ಮ್ಯಾಕೆ ದಿನಕ್ಕೊಂದೇ ಸಾಕಂದ್ರು" ಎಂದ. ಅವಳಿಗೆ ಓದು ಬರುವುದಿಲ್ಲ, ನಂಬಿದಳು.

ಆ ಚಳಿಗಾಲ ಕೂಲಿಯವರಿಗೆ ಕೈಗವಸು ಕೊಡಿ ಎಂದು ಶ್ರೀನಿವಾಸಪುರದಲ್ಲಿ ಮೆರವಣಿಗೆ ಮಾಡಿದೆವು. ಸೊಣ್ಣಪ್ಪನಷ್ಟು ಜೋರಾಗಿ ಧಿಕ್ಕಾರ ಕೂಗಿದವರಿಲ್ಲ. ಅವನನ್ನೇ ಮುಂದಿನ ಸಾಲಿನಲ್ಲಿ ನಿಲ್ಲಿಸಿದೆವು.

ಇತ್ತ ಮುತ್ಯಾಲಮ್ಮನ ಮೀಸೆ ಉದುರಿ ತೆಳ್ಳಗಾಯಿತು. ಪೀಡೆ ತೊಲಗಿತೆಂದು ಕದಿರಮ್ಮ ಅರಿಶಿನ ಅರೆದು ಹಚ್ಚಿದಳು. ಕನ್ನಡಿ ಮತ್ತೆ ಈಚೆ ತಿರುಗಿತು. ಮದುವೆಯೊಂದರಲ್ಲಿ ಅವಳನ್ನು ಆರತಿಗೂ ಕರೆದರು. ತೊಡೆಯ ಮೇಲೆ ನೀಲಿ ಕಲೆ ಮತ್ತೆ ಎದ್ದಿದ್ದನ್ನು ಆ ಖುಷಿಯಲ್ಲಿ ಯಾರಿಗೂ ಹೇಳಲಿಲ್ಲ. ಮೂಗಿನಿಂದ ರಕ್ತ ಸುರಿದು ಸೆರಗು ತೊಯ್ದ ಮೇಲೆಯೇ ನಾನು ಎರಡನೇ ಸಲ ಇಬ್ಬರನ್ನೂ ಬೆಂಗಳೂರಿಗೆ ಕರೆದುಕೊಂಡು ಹೋಗಿದ್ದು. ಅಷ್ಟರಲ್ಲಿ ಮಾತ್ರೆ ಒಂದಕ್ಕಿಳಿದು ಏಳು ತಿಂಗಳು ಕಳೆದಿತ್ತು.

ಡಾಕ್ಟರಮ್ಮ ರಕ್ತದ ವರದಿ ನೋಡಿದರು. ಅವಳ ಮೇಲ್ದುಟಿ ಸವರಿ ನೋಡಿದರು.

"ದಿನಕ್ಕೆ ಎಷ್ಟು ಮಾತ್ರೆ ತಗೋತೀರಮ್ಮಾ?"

"ಒಂದು. ನೀವೇ ಇಳಿಸಿದ್ರಲ್ಲವ್ವಾ."

"ನಾನು ಇಳಿಸಿಲ್ಲ. ಮೂರೇ. ಮಿಕ್ಕಿದ್ದು ಯಾರು ತಿಂತಿದ್ದಾರೆ?"

ಬಾಗಿಲ ಹತ್ತಿರ ನಿಂತಿದ್ದ ಸೊಣ್ಣಪ್ಪನ ಕಡೆ ತಿರುಗಿದೆವು. ನಲವತ್ತೈದರ ಗಂಡಸು, ಮುಖದ ತುಂಬ ಹದಿನಾರರ ಹುಡುಗನಂತೆ ಮೊಡವೆ. ತಿಂಗಳುಗಟ್ಟಲೆ ಎಲ್ಲರೂ ನೋಡಿದ್ದೆವು, ಉಷ್ಣದ ಗುಳ್ಳೆ ಅಂದುಕೊಂಡಿದ್ದೆವು.

"ಗಂಡಸಿನ ಸತ್ವ ಅಂತ ಅಣ್ಣನೇ ಅಂದ. ಅವಳಿಗೆ ಮೀಸೆ ಬಂದಿದ್ದು ಕಣ್ಣಾರೆ ಕಂಡೆ. ಎಂಗಸಿಗೆ ಅಷ್ಟ್ಯಾಕೆ ಅಂತ..." ಎಂದ. ಹೆದರಿಕೆಯೂ ಇರಲಿಲ್ಲ ಆ ದನಿಯಲ್ಲಿ.

ಮುತ್ಯಾಲಮ್ಮ ಬೈಯಲಿಲ್ಲ, ಅಳಲಿಲ್ಲ. "ಡಬ್ಬಿ ಇತ್ಲಾಗ್ ಕೊಡು" ಎಂದಳು. ಊರಿಗೆ ಬಂದು ಅದನ್ನು ಟ್ರಂಕಿನಿಂದ ತೆಗೆಸಿ ಕದಿರಮ್ಮನ ಮನೆಯಲ್ಲಿಟ್ಟಳು. ದಿನಕ್ಕೆ ಮೂರು ಸಲ ಅಲ್ಲಿಗೇ ಹೋಗಿ ನುಂಗಿದಳು. ನಡೆಯಲಾಗದಾಗ ಕದಿರಮ್ಮನೇ ತಂದು ಬಾಯಿಗಿಟ್ಟಳು. ಮೀಸೆ ಮತ್ತೆ ಬಂತು, ಮೊದಲಿಗಿಂತ ಕಪ್ಪಗೆ. ಈಗ ಅವಳೇ ದಿನವೂ ಅದನ್ನು ಸವರಿ ನೋಡುವಳು.

"ಮೀಸೆ ಬಂತಲ್ಲಣ್ಣಾ, ರಕ್ತ ಯಾಕೆ ಬರ್ಲಿಲ್ಲ?"

ಡಾಕ್ಟರಮ್ಮ ನನ್ನೊಬ್ಬನಿಗೆ ಹೇಳಿದ್ದನ್ನು ನಾನು ಅವಳಿಗೆ ಹೇಳಲಿಲ್ಲ: ಆಗ ಉಳಿದಿದ್ದ ತಾಯಿಕಣಗಳು ಈಗ ಉಳಿದಿಲ್ಲ, ಇಲ್ಲದ್ದನ್ನು ಯಾವ ಹಾರ್ಮೋನು ಬೆಳೆಸೀತು?

ಶ್ರಾವಣದಲ್ಲಿ ಜ್ವರ ಬಂತು. ನಾಲ್ಕನೇ ದಿನ ಸತ್ತಳು.

ಮೂರನೆಯ ದಿನ ಗುಂಡಿಯ ಮೇಲೆ ಹಾಲು ಬಿಟ್ಟು ಬಂದೆವು. ಕೈಕಾಲು ತೊಳೆಯುತ್ತಿದ್ದ ಸೊಣ್ಣಪ್ಪ ತಲೆಯೆತ್ತದೆ ಕೇಳಿದ:

"ಕದಿರಕ್ಕಾ, ಆ ಡಬ್ಬಿ ಎಲ್ಲೈತೆ? ಇನ್ನೂ ಹತ್ದಿನದ್ದು ಮಿಕ್ಕಿರ್ಬೇಕು."

"ಅವಳ ತಲೆದೆಸೆಗೆ ಇಟ್ಟು ಮಣ್ಣೆಳ್ದಿದ್ದೀನಿ. ಬೇಕಾ? ಗುದ್ಲಿ ಅಲ್ಲೈತೆ, ತೋಡ್ಕೋ ಹೋಗಲೇ."

ಅವನು ಗುದ್ದಲಿಯ ಕಡೆ ನೋಡಿದ. ಸುಮಾರು ಹೊತ್ತೇ ನೋಡಿದ.