ಭವಾನಿಯಮ್ಮನ ಬಾಳೆದಿಂಡಿನ ಸಂಡಿಗೆ

ಯಲ್ಲಾಪುರ ಕಡೆಯ ಇಡಗುಂದಿಯಲ್ಲಿ ಹುಟ್ಟಿದ ವಿನೋದಾ ಮದುವೆಯಾಗಿ ಶಿರಸಿ ಪಕ್ಕದ ಇಸಳೂರಿಗೆ ಬರುವಾಗ ತವರಿನ ರೂಢಿಯೊಂದನ್ನು ಜೊತೆಗೆ ತಂದಿದ್ದಳು. ಅಡುಗೆಯನ್ನು ಯಾರಾದರೂ ಹೊಗಳಿದರೆ ಸೊಸೆಯಾದವಳು ಎಲ್ಲ ಅತ್ತೆಯದು ಎನ್ನಬೇಕು. ಆಗ ಅತ್ತೆ, ನನ್ನದೇನಿಲ್ಲ, ಅವಳೇ ಮಾಡಿದ್ದು ಎಂದು ತಿರುಗಿಸಿ ಕೊಡಬೇಕು. ಅಜ್ಜಿ ಮತ್ತು ಹೆತ್ತ ಆಯಿ ಹೀಗೆ ಕೊಟ್ಟು ತೆಗೆದುಕೊಳ್ಳುವುದನ್ನು ನೋಡುತ್ತಲೇ ಅವಳು ಬೆಳೆದಿದ್ದಳು. ಇಸಳೂರಿನ ಅತ್ತೆ ಭವಾನಿಯಮ್ಮ ಮಾತ್ರ ಕೊಟ್ಟದ್ದನ್ನು ಇಟ್ಟುಕೊಳ್ಳುವವರು. ವರ್ಷಗಟ್ಟಲೆ ವಿನೋದಾ ಕೊಡುತ್ತಲೇ ಹೋದಳು. ಒಮ್ಮೆಯೂ ತಿರುಗಿ ಬರಲಿಲ್ಲ.

ಹಲಸು ಕೈಕೊಟ್ಟ ಒಂದು ಬೇಸಿಗೆಯಲ್ಲಿ ಹಪ್ಪಳಕ್ಕೆ ಗತಿಯಿಲ್ಲದಾಗ ಅವಳಿಗೆ ಬಾಳೆದಿಂಡು ಹೊಳೆಯಿತು. ಸಣ್ಣಗೆ ಹೆಚ್ಚಿ, ನಾರು ತೆಗೆದು, ಹುಳಿಮಜ್ಜಿಗೆಯಲ್ಲಿ ನೆನೆಸಿ, ಅಕ್ಕಿಹಿಟ್ಟು, ಸೂಜಿಮೆಣಸು ಕೂಡಿಸಿ ಸಂಡಿಗೆ ಇಟ್ಟಳು. ಮೊದಲ ಸಲದ್ದು ಕಪ್ಪಾಯಿತು. ಆಮೇಲಿನದು ಎಣ್ಣೆಗೆ ಬಿದ್ದೊಡನೆ ಪುಡಿಯಾಯಿತು.

ಭವಾನಿಯಮ್ಮ ಚಾಪೆಯ ಪಕ್ಕ ಬಂದು ನಿಂತು, "ದಿಂಡಿನ ಸಂಡಿಗೆಯಡ. ನಿನ್ನ ಅಪ್ಪನ ಮನೆಲ್ಲಿ ಆಕಳಿಗೆ ಎಂತ ಹಾಕ್ತ್ವನೇ?" ಎಂದಿದ್ದರು.

ಕೊನೆಗೆ ಸಂಡಿಗೆ ಹದಕ್ಕೆ ಬಂದಾಗ ಅವರೂ ತಿಂದರು.

ಮುಂದೆ ಧಾರವಾಡದ ಗಂಗಾಂಬಿಕಾ ಎಂಬ ಲೇಖಕಿ ಅಡುಗೆ ಪುಸ್ತಕಕ್ಕಾಗಿ ಈ ಕಡೆಯ ಮನೆಗಳನ್ನು ಸುತ್ತುತ್ತ ಇಸಳೂರಿಗೂ ಬಂದರು. ಸಂಡಿಗೆ ಬಾಯಿಗಿಟ್ಟವರೇ ಇದನ್ನು ಯಾರು ಮಾಡಿದ್ದು ಎಂದು ಕೇಳಿದರು. ರೂಢಿ ನಾಲಿಗೆಯ ಮೇಲೇ ಇತ್ತು, ಅತ್ತೆಯದು ಎಂದುಬಿಟ್ಟಳು ವಿನೋದಾ. ಎಂದವಳೇ ಅತ್ತೆಯ ಕಡೆ ನೋಡಿದಳು. ಭವಾನಿಯಮ್ಮನ ಬಾಯಲ್ಲಿ ಎಲೆಯಡಿಕೆಯ ಕವಳವಿತ್ತು. ಉಗುಳಿ ಬಂದು ಹೇಳುತ್ತಾರೇನೋ ಎಂದು ಕಾದಳು. ಅವರು ಎಲೆಗೆ ಇನ್ನಷ್ಟು ಸುಣ್ಣ ಹಚ್ಚಿಕೊಂಡರು.

ಎರಡು ಸಾವಿರದ ಮೂರರಲ್ಲಿ ಶಿರಸಿಯ ಮಹಿಳಾ ಮಂಡಳವೊಂದು ಆಹಾರ ಮೇಳ ಇಟ್ಟು, ಪುಸ್ತಕ ಬರೆದ ಗಂಗಾಂಬಿಕಾರನ್ನು ಮಾತಿಗೆ, ಭವಾನಿಯಮ್ಮನನ್ನು ಸನ್ಮಾನಕ್ಕೆ ಕರೆಯಿತು. ಜೋನಿ ಬೆಲ್ಲ, ಅಪ್ಪೆಮಿಡಿ, ತೊಡದೇವುಗಳ ಸಾಲಿನಲ್ಲಿ ವಿನೋದಾಳದೂ ಒಂದು ಮೇಜು. ಪುಸ್ತಕದಲ್ಲಿ ಅತ್ತೆಯ ಫೋಟೋ ಇತ್ತು. ಕೆಳಗೆ 'ಭವಾನಿಯಮ್ಮನ ಬಾಳೆದಿಂಡಿನ ಸಂಡಿಗೆ' ಎಂದಿತ್ತು. ಅದನ್ನು ಕಂಡಾಗಲೂ ವಿನೋದಾಳ ಆಸೆ ಪೂರ್ತಿ ಆರಲಿಲ್ಲ. ಮನೆಯೊಳಗಿನ ಮಾತು ಬೇರೆ, ಇಷ್ಟು ಜನರೆದುರು ಶಾಲು ಹೊದೆಸುವಾಗ ಅತ್ತೆ ಖಂಡಿತ ಹೇಳುತ್ತಾರೆ. ಒಂದೇ ಒಂದು ಸಲ ಹೇಳಿದರೆ ಸಾಕು, ಹಿಂದಿನದೆಲ್ಲ ಮಾಫಿ ಎಂದು ಮನಸ್ಸಿನಲ್ಲೇ ತೀರ್ಮಾನಿಸಿಕೊಂಡಳು.

ಶಾಲು ಹೊದೆಸಿದ ಗಂಗಾಂಬಿಕಾ ಮೈಕನ್ನು ಭವಾನಿಯಮ್ಮನ ಮುಂದೆ ಹಿಡಿದರು. "ಅಜ್ಜಿಯಾರ, ನಿಮಗ ಇದು ಹೆಂಗ ಹೊಳೀತ್ರಿ?"

ಭವಾನಿಯಮ್ಮ ಸೊಸೆ ನಿಂತಿದ್ದ ಮೇಜಿನ ಕಡೆ ಒಮ್ಮೆ ನೋಡಿದರು. ವಿನೋದಾ ಸೆರಗು ಸರಿಮಾಡಿಕೊಂಡಳು.

"ಒಂದು ವರ್ಷ ಹಲಸು ಕೈಕೊಟ್ಟಿತ್ತು ನೋಡಿ," ಎಂದು ಶುರುಮಾಡಿದರು ಭವಾನಿಯಮ್ಮ. ಮೊದಲು ಕಪ್ಪಾದದ್ದು, ಆಮೇಲೆ ಪುಡಿಯಾದದ್ದು, ಯಾವುದನ್ನೂ ಬಿಡಲಿಲ್ಲ. ಆಕಳಿಗೆ ಹಾಕುವುದನ್ನು ಮನುಷ್ಯರಿಗೆ ಹಾಕುತ್ತೀಯಾ ಎಂದು ಮನೆಯವರೆಲ್ಲ ನಕ್ಕಿದ್ದರಂತೆ. ಸಭೆಯೂ ನಕ್ಕು ಚಪ್ಪಾಳೆ ತಟ್ಟಿತು.

ಸಭೆ ಮುಗಿದದ್ದೇ ಜನ ಮೇಜಿಗೆ ಮುಗಿಬಿದ್ದರು. ಸಿದ್ದಾಪುರದಿಂದ ಬಂದಿದ್ದ ಒಬ್ಬಾಕೆ ಪೊಟ್ಟಣ ಎತ್ತಿಕೊಂಡು, "ಇದು ಅಜ್ಜಿ ಮಾಡಿದ್ದೇ ಅಲ್ಲವಾ?" ಎಂದಳು.

"ಅಲ್ಲ, ನಾನು ಮಾಡಿದ್ದು," ಎಂದಳು ವಿನೋದಾ. ಹಾಗೆ ಅವಳು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು.

ಆಕೆ ಪೊಟ್ಟಣವನ್ನು ಮೆಲ್ಲಗೆ ಮೇಜಿನ ಮೇಲೆ ಇಟ್ಟಳು. ಅಜ್ಜಿಯ ಕೈಯದ್ದು ಇದ್ದರೆ ಕೊಡಿ ಎಂದಳು.

ಅಷ್ಟರಲ್ಲಿ ಶಾಲು ಹೊದ್ದೇ ಬಂದ ಭವಾನಿಯಮ್ಮ ಆಕೆಯನ್ನು ತೋರಿಸಿ, "ಅವಕ್ಕೆ ನನ್ನದನ್ನ ಕೊಡೆ," ಎಂದರು. ವಿನೋದಾ ಅದೇ ಪೊಟ್ಟಣವನ್ನು ಎತ್ತಿ ಕೊಟ್ಟಳು.

ಆಮೇಲೆ ಅವಳು ಆ ಸಂಡಿಗೆ ಮಾಡಲಿಲ್ಲ. ಗೊನೆ ಕಡಿದ ದಿನ ದಿಂಡು ಆಕಳ ಮುಂದೆ ಬೀಳುತ್ತಿತ್ತು. ಪುಸ್ತಕ ನೋಡಿ ಹುಡುಕಿಕೊಂಡು ಬಂದವರಿಗೆ ಭವಾನಿಯಮ್ಮ, ವಯಸ್ಸಾಯಿತು, ಈಗ ಕೈಲಾಗುವುದಿಲ್ಲ ಎನ್ನುತ್ತಿದ್ದರು. ಸೊಸೆಗಾದರೂ ಕಲಿಸಬಾರದಿತ್ತೇ ಎಂದು ಬಂದವರು ಕೇಳುವುದಿತ್ತು.

"ಕಲಿಯೋ ಮನಸ್ಸು ಬೇಕಲ್ಲ," ಎನ್ನುತ್ತಿದ್ದರು ಭವಾನಿಯಮ್ಮ.

ಅವರಿಗೆಲ್ಲ ಚಹಾ ತಂದುಕೊಡುತ್ತಿದ್ದವಳು ವಿನೋದಾ.